ಕಿವಿಯೊಳಗಿನ ನಲ್ಲಿ

ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಗುಮಾಸ್ತನಿಂದ ಹಿಡಿದು ಇಂಜಿನಿಯರಮ್ಮನವರೆಗೆ ಎಲ್ಲರಿಗೂ ಅವನು ಕಿವಿ ಮೇಸ್ತ್ರಿ. ಅಂಥ ಕಿವಿ ಅದು. ರಸ್ತೆಯ ಕೆಳಗೆ ಆಳುದ್ದ ಮಣ್ಣಿನಲ್ಲಿ ಹೂತ ಕೊಳವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ತಾನು ಬಿರುಕೆಂದು ಆ ಬಿರುಕಿಗೇ ಗೊತ್ತಾಗುವ ಮೊದಲು ಕಿವಿ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ಮಣ್ಣಿನೊಳಗೆ ಎರೆಹುಳು ಆಕಳಿಸಿದ್ದನ್ನೂ, ಇರುವೆಗೆ ಬಿಕ್ಕಳಿಕೆ ಬಂದದ್ದನ್ನೂ ಅವನು ಕೇಳಿಸಿಕೊಂಡಿದ್ದಾನೆಂದು ಜನ ಹೇಳುತ್ತಿದ್ದರು. ಜನರಿಗೆ ಅದನ್ನು ಹೇಳಿದವನು ಅವನೇ ಎಂಬುದು ಬೇರೆ ಮಾತು.

ಅವನ ಆಯುಧ ಒಂದೇ. ಎದೆಮಟ್ಟದ ಉಕ್ಕಿನ ಸರಳು, ಅದರ ತಲೆಗೆ ಕಿವಿಗೆ ಒತ್ತಿಕೊಳ್ಳಲು ಮರದ ಬಿಲ್ಲೆ. ಕಚೇರಿಯವರೆಲ್ಲ ಅದನ್ನು ಕೋಲು ಎನ್ನುತ್ತಿದ್ದರು. ಬಸ್ಸು ಲಾರಿಗಳು ಇನ್ನೂ ಕೆಮ್ಮಿ ಎದ್ದಿರದ, ಮನೆಗಳ ನಲ್ಲಿ ಇನ್ನೂ ತಿರುಗಿರದ ನಸುಕಿನಲ್ಲಿ ಅವನು ಕೋಲನ್ನು ರಸ್ತೆಗೆ ಊರಿ, ಬಗ್ಗಿ, ಕಿವಿಗೊಟ್ಟು ನಿಲ್ಲುತ್ತಿದ್ದ. ಕೊಳವೆ ಗಟ್ಟಿಯಿದ್ದರೆ ಸದ್ದಿಲ್ಲ. ಸೋರುತ್ತಿದ್ದರೆ 'ಸ್ಸ್…' ಎನ್ನುತ್ತದೆ. ನಾಲ್ಕು ಹೆಜ್ಜೆ ಆಚೆ ಊರಿದಾಗ ಆ ಸ್ಸ್ ಏರುತ್ತದೋ ಇಳಿಯುತ್ತದೋ ನೋಡಬೇಕು, ಏರಿದತ್ತ ನಡೆಯಬೇಕು, ಇನ್ನು ಏರದು ಎನಿಸಿದಲ್ಲಿ ಸುಣ್ಣದ ಕಡ್ಡಿಯಿಂದ ಕತ್ತರಿ ಗುರುತು ಹಾಕಬೇಕು. ಅಷ್ಟೇ ಕೆಲಸ. ಕೇಳಲು ಸುಲಭ, ಕೇಳಿಸಿಕೊಳ್ಳಲು ಅಲ್ಲ.

ಗುರುತು ಹಾಕಿದಲ್ಲಿ ಅಗೆಯುವವನು ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಅಗೆತದ ತಂಡಕ್ಕೆ ಅವನೇ ಯಜಮಾನ. ಗುದ್ದಲಿ ಎತ್ತಿದರೆ ರಸ್ತೆ ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಅಂಥ ತೋಳು. ಮದುವೆ ಮಂಟಪದಲ್ಲಿ ಪರಿಚಯವಾದ ಗಳಿಗೆಯಿಂದಲೇ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

"ನೀನು ಕಡ್ಡೀಲಿ ಗೀಟೆಳೀತೀಯ, ನಾನು ಸೊಂಟ ಮುರ್ಕೋತೀನಿ. ನೀರು ಸಿಕ್ಕಿದ್ರೆ ಹೆಸರು ಮಾತ್ರ ನಿಂದು" ಎಂದು ಷಡ್ಡಕ ಗುಂಡಿಯೊಳಗಿಂದ ಕೂಗುವನು.

"ಗುದ್ದಲಿಗೆ ಕಿವಿ ಇರಲ್ವಲ್ಲ ಷಡ್ಡಕರೇ."

"ಆ ಕೋಲನ್ನ ಒಂದಿನ ನನ್ನ ಕೈಗೆ ಕೊಟ್ಟು ನೋಡಪ್ಪಾ. ಅದೇನು ಮಹಾ ವಿದ್ಯೆ."

"ಕೊಡಬಹುದು. ಆದ್ರೆ ನಿಮ್ಮ ಗೊರಕೇನೇ ನಿಮಗೆ ಕೇಳಲ್ಲ. ಇನ್ನು ಭೂಮಿ ಪಿಸುಗುಟ್ಟಿದ್ದು ಕೇಳುತ್ತಾ?"

ತಂಡದವರು ಹೊಟ್ಟೆ ಹಿಡಿದುಕೊಂಡು ನಗುವರು. ಅಷ್ಟರಲ್ಲಿ ಗುಂಡಿಯಲ್ಲಿ ನೀರು ಚಿಮ್ಮುವುದು. ಹೀಗೇ ವರ್ಷಗಟ್ಟಲೆ ನಡೆಯಿತು.

ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕಿವಿ ಮೇಸ್ತ್ರಿಗೆ ಸ್ಸ್ ಎಂದು ಕೇಳಿಸಿತು.

ಬ್ರಷ್ಷು ಬಾಯಲ್ಲೇ ನಿಂತಿತು. ತನ್ನ ಮನೆಯಲ್ಲಿ ಸೋರಿಕೆ! ಊರೆಲ್ಲ ಸೋರಿದರೂ ಸೋರಬಾರದ ಮನೆ ಅದು. ಬಚ್ಚಲ ನಲ್ಲಿಯ ಕುತ್ತಿಗೆ ಹಿಡಿದು ಬಿಗಿದ. ಸ್ಸ್ ನಿಲ್ಲಲಿಲ್ಲ. ಅಡುಗೆಮನೆಯ ನಲ್ಲಿಯ ವಾಷರ್ ಬದಲಿಸಿದ, ಹಿತ್ತಲ ನಲ್ಲಿಯದನ್ನೂ ಬದಲಿಸಿದ. ಗೇಟಿನ ಬಳಿ ಬೀದಿಯಿಂದ ಬರುವ ನೀರನ್ನೇ ಬಂದ್ ಮಾಡಿದ. ಸ್ಸ್ ತನ್ನ ಪಾಡಿಗೆ ತಾನಿತ್ತು. ಮಧ್ಯಾಹ್ನದ ಹೊತ್ತಿಗೆ ಬಚ್ಚಲ ನೆಲದ ಅರ್ಧ ಟೈಲ್ಸು ಅಂಗಳದಲ್ಲಿದ್ದವು, ಉಳಿದರ್ಧ ಅವನ ಕೈಯಲ್ಲಿದ್ದವು.

ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕಿಟಕಿ ಪರದೆ ಹೊಲಿಯುವವಳು. ಬಾಯಲ್ಲಿ ದಾರ ಕಚ್ಚಿಕೊಂಡೇ ಬಂದು ನೋಡಿದಳು.

"ರೀ, ಏನು ಹುಡುಕ್ತಿದೀರಾ? ನಿಧಿ ಸಿಕ್ಕಿದ್ರೆ ಮೊದಲು ಟೈಲ್ಸ್ ಹಾಕ್ಸಿ."

"ಸೋರ್ತಿದೆ ಕಣೇ. ಕೇಳಿಸ್ತಿಲ್ವಾ?"

ಅವಳು ದಾರ ಬಿಟ್ಟು ಕಿವಿ ಕೊಟ್ಟಳು. "ಇಲ್ಲ."

"ಸರಿಯಾಗಿ ಕೇಳು. ಸ್ಸ್ ಅಂತ."

"ನೀವು ಸ್ಸ್ ಅಂದದ್ದು ಕೇಳಿಸ್ತು. ಬೇರೆ ಏನಿಲ್ಲ."

ಅವಳಿಗೆ ಕೇಳಿಸದಿದ್ದರೆ ಅಚ್ಚರಿಯೇನಿದೆ, ಭೂಮಿ ತನ್ನೊಬ್ಬನ ಹತ್ತಿರ ತಾನೇ ಗುಟ್ಟು ಹೇಳುವುದು ಎಂದುಕೊಂಡು ಅವನು ಮಾಳಿಗೆ ಹತ್ತಿದ. ಅಲ್ಲೂ ಸ್ಸ್. ಕೋಲು ಹಿಡಿದು ಬೀದಿಗಿಳಿದ. ಬೀದಿಯುದ್ದಕ್ಕೂ ಸ್ಸ್. ಇದೇನು ಊರಿನ ಕೊಳವೆಗಳೆಲ್ಲ ಒಂದೇ ದಿನ ಒಡೆದು ಕೂತವೋ ಎಂದು ಬೀದಿಯಿಂದ ಬೀದಿಗೆ ಓಡಿದ. ಕೊನೆಗೆ ಊರಾಚೆಯ ಫುಟ್‌ಬಾಲ್ ಮೈದಾನಕ್ಕೆ ಹೋದ. ಆ ಮೈದಾನದ ಕೆಳಗೆ ಯಾವ ಕಾಲದಲ್ಲೂ ಒಂದು ಮೊಳ ಕೊಳವೆ ಹಾಕಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಎರಡು ಗೋಲು ಕಂಬಗಳ ನಟ್ಟನಡುವೆ ನಿಂತು ಕೋಲು ಊರಿದ. ಸ್ಸ್. ಕೋಲನ್ನು ನೆಲದಿಂದ ಎತ್ತಿದ. ಸ್ಸ್. ಕೋಲನ್ನೇ ಕೆಳಗಿಟ್ಟು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದ. ಈಗ ಇನ್ನೂ ಜೋರಾಯಿತು.

ಮೈದಾನದ ನಡುವೆ ಅವನು ಕುಕ್ಕರಗಾಲಲ್ಲಿ ಕೂತುಬಿಟ್ಟ. ಸೋರುತ್ತಿದ್ದದ್ದು ನೆಲವಲ್ಲ.

ಕಿವಿ ಡಾಕ್ಟರು ಅವನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಅವನು ಗುಂಡಿಯಿಂದ ಬೆರಳು ತೆಗೆಯಲೇ ಇಲ್ಲ.

"ನಾನಿನ್ನೂ ಸದ್ದು ಕೊಟ್ಟೇ ಇಲ್ವಲ್ರೀ" ಎಂದರು ಡಾಕ್ಟರು.

ಅವರು ವಿವರಿಸಿದ್ದು ನೇರವಾಗಿತ್ತು. ಕಿವಿಯ ಒಳಗಿನ ನರಗಳು ಸವೆದಿವೆ. ವಯಸ್ಸು ಇರಬಹುದು, ರಸ್ತೆ ಒಡೆಯುವ ಯಂತ್ರದ ಪಕ್ಕ ಇಷ್ಟು ವರ್ಷ ನಿಂತದ್ದು ಇರಬಹುದು. ತೆಳುವಾದ ಸದ್ದುಗಳು ಕೇಳಿಸುವುದು ಕಡಿಮೆಯಾಗಿದೆ, ಆ ಜಾಗದಲ್ಲಿ ತಲೆ ತನ್ನದೇ ಒಂದು ಸದ್ದು ಹೊರಡಿಸಿಕೊಂಡು ಕೂತಿದೆ.

"ಯಾವಾಗ ಹೋಗುತ್ತೆ ಸಾರ್?"

"ಹೋಗಲ್ಲ ಅಂತಲೇ ಇಟ್ಕೊಳ್ಳಿ. ಒಂದಷ್ಟು ದಿನ ಆದ್ಮೇಲೆ ನೀವು ಅದನ್ನ ಅಷ್ಟಾಗಿ ಗಮನಿಸಲ್ಲ. ತೀರಾ ನಿಶ್ಶಬ್ದದಲ್ಲಿ ಮಾತ್ರ ಮಲಗಬೇಡಿ. ಪಕ್ಕದಲ್ಲಿ ಏನಾದ್ರೂ ಸಣ್ಣ ಸದ್ದು ಇರಲಿ. ಫ್ಯಾನೋ, ರೇಡಿಯೋನೋ."

ಫ್ಯಾನು ಹಾಕಿದ. ಕಿವಿಯ ಸ್ಸ್ ಫ್ಯಾನಿನ ಹೆಗಲೇರಿ ಕೂತಿತು. ರೇಡಿಯೋ ಹಚ್ಚಿದ. ರೇಡಿಯೋದವನು ಹೇಳಿದ್ದಕ್ಕೆಲ್ಲ ಇವನು ಎದುರುತ್ತರ ಕೊಡುತ್ತಾ ಕೂತು ಹೆಂಡತಿಯ ನಿದ್ದೆಯನ್ನೂ ಕೆಡಿಸಿದ. ಗಡಿಯಾರವನ್ನು ದಿಂಬಿನ ಕೆಳಗಿಟ್ಟ, ಅದು ತಲೆ ತಿಂದಿತು. ವಾರಗಟ್ಟಲೆ ನಿದ್ದೆಯಿಲ್ಲದೆ ಅವನ ಕಣ್ಣುಗಳು ಎಷ್ಟು ಕೆಂಪಗಾದವೆಂದರೆ ಅವನು ರಸ್ತೆ ದಾಟಿದರೆ ವಾಹನಗಳು ಸಿಗ್ನಲ್ ಬಿತ್ತೆಂದು ನಿಲ್ಲುತ್ತಿದ್ದವು.

ಕೊನೆಗೆ ದಾರಿ ತೋರಿಸಿದ್ದು ಬಚ್ಚಲು. ಒಂದು ರಾತ್ರಿ ಮುಖ ತೊಳೆದು ನಲ್ಲಿಯನ್ನು ಪೂರ್ತಿ ತಿರುಗಿಸದೆ ಬಂದಿದ್ದ. ಅದು ನೂಲಿನಷ್ಟು ಸಣ್ಣಗೆ ಹರಿಯುತ್ತಾ, ಕುತ್ತಿಗೆಯಲ್ಲಿ ಸ್ಸ್ ಎನ್ನುತ್ತಿತ್ತು. ಹಾಸಿಗೆಯಲ್ಲಿ ಮಲಗಿದವನಿಗೆ ಎರಡು ಸ್ಸ್‌ಗಳು ಒಂದರೊಳಗೊಂದು ಹೊಕ್ಕು, ಯಾವುದು ನಲ್ಲಿಯದು ಯಾವುದು ತನ್ನದು ಎಂಬುದೇ ಮರೆತುಹೋಯಿತು. ಬೆಳಗಾದಾಗ ಹೆಂಡತಿ ಭುಜ ಹಿಡಿದು ಅಲುಗಿಸಬೇಕಾಯಿತು.

ಆ ನಲ್ಲಿ ಮಾಳಿಗೆಯ ಟ್ಯಾಂಕಿನದಲ್ಲ, ಬೀದಿಯ ಕೊಳವೆಗೇ ನೇರ ಸೇರಿದ್ದು. ಅದಕ್ಕೇ ಆ ಸ್ಸ್‌ಗೆ ಅಷ್ಟು ಜೀವ. ಟ್ಯಾಂಕಿನ ನಲ್ಲಿಯನ್ನೂ ಪರೀಕ್ಷಿಸಿ ನೋಡಿದ. ಅದು ತೊಟತೊಟ ಎಂದು ಅಳುತ್ತಿತ್ತೇ ಹೊರತು ಸ್ಸ್ ಎನ್ನುತ್ತಿರಲಿಲ್ಲ.

ಹೀಗೆ, ಊರಿಗೆ ಊರೇ ಸೋರಿಕೆ ನಿಲ್ಲಿಸುವವನೆಂದು ಕೊಂಡಾಡಿದ ಮನುಷ್ಯ ದಿನಾ ರಾತ್ರಿ ಕದ್ದು ನಲ್ಲಿ ಬಿಟ್ಟುಕೊಂಡು ಮಲಗತೊಡಗಿದ. ಹೆಂಡತಿ ಕೆಳಗೆ ಬಕೆಟ್ಟಿಟ್ಟಳು. ತುಂಬಿದ ನೀರಿನಲ್ಲಿ ಬೆಳಿಗ್ಗೆ ಬಟ್ಟೆ ಒಗೆದಳು, ನೆಲ ಒರೆಸಿದಳು, ಗಿಡಗಳಿಗೆ ಹಾಕಿದಳು. ಗಿಡಗಳು ಕಿಟಕಿಯೆತ್ತರ ಬೆಳೆದವು.

"ನಿಮ್ಮಕ್ಕನ ಹತ್ರ ಈ ವಿಷಯ ಬಾಯಿ ಬಿಡಬೇಡ" ಎಂದ ಅವನು.

"ಅಕ್ಕನಿಗೆ ಹೇಳೋದೂ ಒಂದೇ, ಬಸ್ ಸ್ಟ್ಯಾಂಡ್ ಮೈಕಲ್ಲಿ ಹೇಳೋದೂ ಒಂದೇ. ನಂಗೊತ್ತು. ಆದ್ರೆ ನೀವು ಕಚೇರೀಲಾದ್ರೂ ಹೇಳ್ಬಾರ್ದಾ?"

"ಹೇಳಿದ್ರೆ ಕೋಲು ಕಿತ್ಕೊಂಡು ಮೀಟರ್ ಕೋಣೆಗೆ ಹಾಕ್ತಾರೆ. ಅಲ್ಲಿ ಮುಳ್ಳು ಎಲ್ಲಿ ನಿಂತಿದೆ ಅಂತ ನೋಡ್ಕೊಂಡು ಕೂರ್ಬೇಕು. ಅದಕ್ಕೆ ಕಣ್ಣಿದ್ರೆ ಸಾಕು." ಕೋಲನ್ನು ಗೋಡೆಗೆ ಒರಗಿಸಿ ಹೇಳಿದ: "ಕೋಲಿಲ್ದೆ ಹೋದ್ರೆ ನನ್ನನ್ನ ಏನಂತ ಕರೀತಾರೆ?"

ಅವಳು ಯಂತ್ರದ ಪೆಡಲ್ಲು ತುಳಿದಳು.

ಕೆಲಸದಲ್ಲಿ ಅವನು ಒಂದು ಉಪಾಯ ಹೂಡಿದ್ದ. ಕೋಲು ಎತ್ತಿದರೂ ಉಳಿಯುವ ಸದ್ದು ತನ್ನದು, ಎತ್ತಿದಾಗ ಕಡಿಮೆಯಾಗುವ ಸದ್ದು ರಸ್ತೆಯದು. ಸೋರಿಕೆಯ ಸದ್ದು ದಪ್ಪಗಿದ್ದಾಗ ಈ ಲೆಕ್ಕ ಸರಿಹೋಗುತ್ತಿತ್ತು. ತೆಳ್ಳಗಿದ್ದಾಗ ಅವನ ಕಿವಿಯ ಸ್ಸ್ ಅದನ್ನು ಇಡಿಯಾಗಿ ನುಂಗಿ ನೀರು ಕುಡಿಯುತ್ತಿತ್ತು. ಆಗ ಅವನು ಅಂದಾಜಿನ ಮೇಲೆ ಗುರುತು ಹಾಕುತ್ತಿದ್ದ. ಅಂದಾಜು ಕೆಲವು ಸಲ ಕೈ ಹಿಡಿಯಿತು.

ಆ ಬೇಸಿಗೆಯಲ್ಲಿ ಮೇಲಿನ ಬಡಾವಣೆಗೆ ನೀರು ಏರುವುದು ನಿಂತಿತು. ದೊಡ್ಡ ಟ್ಯಾಂಕಿನಿಂದ ಹೊರಟ ನೀರು ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧಕ್ಕರ್ಧ ಮಾಯ. ನಡುವೆ ಎಲ್ಲೋ ಕೊಳವೆ ಒಡೆದಿದೆ, ಆದರೆ ರಸ್ತೆಯ ಮೇಲೆ ಒಂದು ಹನಿ ಒದ್ದೆ ಇಲ್ಲ. ಬಡಾವಣೆಯ ಹೆಂಗಸರು ಖಾಲಿ ಕೊಡಗಳನ್ನು ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಹೋದರು. ಗುಮಾಸ್ತ ಒಳಗೆ ಬರಲು ಕೊಡ ದಾಟಲಾರದೆ ಕಿಟಕಿ ಹತ್ತಿ ಬಂದ.

ಕಿವಿ ಮೇಸ್ತ್ರಿ ಆ ಕೊಳವೆಯ ದಾರಿಯನ್ನೆಲ್ಲ ನಡೆದ. ಎಲ್ಲಿ ಊರಿದರೂ ಸ್ಸ್. ಬಟ್ಟೆ ಅಂಗಡಿಯ ಮುಂದೆ ಗುರುತು ಹಾಕಿದ. ಷಡ್ಡಕ ಅಗೆದ. ಕೊಳವೆ ಒಣಗಿ ಹಪ್ಪಳದಂತಿತ್ತು.

"ನೀರು ಬೇಕಿದ್ರೆ ಹೇಳಪ್ಪಾ, ಬಾಟಲಿ ತಂದುಕೊಡ್ತೀನಿ" ಎಂದ ಷಡ್ಡಕ ಗುಂಡಿಯೊಳಗಿಂದ.

"ಸದ್ದು ಕೊಳವೆ ಹಿಡ್ಕೊಂಡು ದೂರ ಬಂದಿರುತ್ತೆ. ಅದೆಲ್ಲ ನಿಮಗೆ ಗೊತ್ತಾಗಲ್ಲ."

ಅಂಚೆ ಕಚೇರಿಯ ಮುಂದೆ ಗುರುತು ಹಾಕಿದ. ಅಲ್ಲೂ ಒಣ. ಈ ಸಲ ಷಡ್ಡಕ ಗುದ್ದಲಿ ಕೆಳಗಿಟ್ಟ. ಮಣ್ಣು ಮೆತ್ತಿದ ಮುಖವೆತ್ತಿ ಇವನನ್ನೇ ನೋಡಿದ. ಇವನು ಸುಣ್ಣದ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡ.

ಇಂಜಿನಿಯರಮ್ಮ ಕರೆಸಿದಳು. ಹೊಸದಾಗಿ ಬಂದವಳು, ಧ್ವನಿ ಏರಿಸದವಳು. ಗೋಡೆಯುದ್ದದ ನಕ್ಷೆಯ ಮುಂದೆ ನಿಂತಿದ್ದಳು.

"ಮೇಸ್ತ್ರಿಗಳೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಿವಿಗೆ ಏನಾದ್ರೂ ತೊಂದರೆ ಇದೆಯಾ?"

"ನನ್ನ ಕಿವಿಗಾ?" ಅವನು ನಕ್ಕ ನಗೆಗೆ ನಕ್ಷೆ ಅಲುಗಾಡಿತು. "ಅಮ್ಮಾ, ಪಕ್ಕದ ಕೋಣೇಲಿ ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದಿದ್ದು ಇಲ್ಲಿಗೆ ಕೇಳುತ್ತೆ ನಂಗೆ."

"ಗುಮಾಸ್ತ ಇವತ್ತು ರಜೆ" ಎಂದಳು ಅವಳು.

ನಾಲ್ಕು ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದಳು. ಅಲ್ಲಿಯವರೆಗೆ ಕೋಲು ಷಡ್ಡಕನ ಕೈಯಲ್ಲಿರಲಿ, ಹೇಗೂ ಅವರು ತಮಗೂ ಬರುತ್ತದೆ ಅನ್ನುತ್ತಿರುತ್ತಾರಲ್ಲ ಎಂದಳು. ಕಿವಿ ಮೇಸ್ತ್ರಿ ಕೋಲನ್ನು ಮೇಜಿನ ಮೇಲಿಟ್ಟ. ಅವನ ಕೈ ಆ ದಿನವೆಲ್ಲ ಏನನ್ನೋ ಹಿಡಿದಂತೆ ಮಡಿಚಿಯೇ ಇತ್ತು. ಊಟ ಮಾಡಲೂ ಬಿಚ್ಚಲಿಲ್ಲವೆಂದು ಹೆಂಡತಿ ಆಮೇಲೆ ಹೇಳುತ್ತಿದ್ದಳು.

ಇತ್ತ ಷಡ್ಡಕ ಕೋಲು ಸಿಕ್ಕ ಖುಷಿಯಲ್ಲಿ ಮೀಸೆಯನ್ನು ಎಷ್ಟು ತಿರುವಿದನೆಂದರೆ ಅದರ ತುದಿ ಕಿವಿಯ ಹಿಂದಕ್ಕೆ ಹೋಗಿ ಸಿಕ್ಕಿಕೊಂಡಿತು. ಮೊದಲ ದಿನ ಏನೂ ಕೇಳಲಿಲ್ಲ. ಎರಡನೆಯ ದಿನ ತನ್ನ ಎದೆಬಡಿತ ಕೇಳಿ ಭೂಕಂಪವೆಂದು ಹೆದರಿ ಕೋಲು ಬಿಸಾಕಿದ. ಮೂರನೆಯ ದಿನ ನಸುಕಿನಲ್ಲಿ, ಆ ದೊಡ್ಡ ಕೊಳವೆ ಹಾದುಹೋಗುವ ಒಂದು ಬೀದಿಯಲ್ಲಿ ಕೋಲು ಊರಿದವನು ಹಾಗೆಯೇ ಕಲ್ಲಾದ.

ಸ್ಸ್.

ಎತ್ತಿದ. ಇಲ್ಲ. ಊರಿದ. ಸ್ಸ್. ನಾಲ್ಕು ಹೆಜ್ಜೆ ನಡೆದ, ಏರಿತು. ಇನ್ನು ನಾಲ್ಕು ಹೆಜ್ಜೆ, ಇನ್ನೂ ಏರಿತು. ಸದ್ದಿನ ಬಾಲ ಹಿಡಿದುಕೊಂಡು ಹೋಗಿ ಹೋಗಿ ಒಂದು ಗೇಟಿನ ಮುಂದೆ ನಿಂತ. ತಲೆ ಎತ್ತಿ ನೋಡಿದರೆ ಕಿಟಕಿಯೆತ್ತರ ಬೆಳೆದ ಗಿಡಗಳು. ಕಿವಿ ಮೇಸ್ತ್ರಿಯ ಮನೆ!

ಷಡ್ಡಕನಿಗೆ ಹುಟ್ಟಿದ್ದು ಸಾರ್ಥಕವೆನಿಸಿತು. ಮೇಸ್ತ್ರಿಯ ಮೂಗಿನ ಕೆಳಗೇ ಒಡೆದಿದೆ, ಮಹಾರಾಯ ಊರೆಲ್ಲ ಅಗೆಸುತ್ತಿದ್ದಾನೆ! ಗೇಟಿನ ಎದುರಿಗೆ ಚಕ್ಕಡಿ ಗಾಲಿಯಷ್ಟು ದೊಡ್ಡ ಕತ್ತರಿ ಗುರುತು ಹಾಕಿದ. ತಂಡವನ್ನು ಕರೆಸಿದ, ಇಂಜಿನಿಯರಮ್ಮನಿಗೂ ಫೋನು ಮಾಡಿದ. ಒಳಗೆ ಕಿವಿ ಮೇಸ್ತ್ರಿ ನೂಲಿನಷ್ಟು ನಲ್ಲಿ ಬಿಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದ. ಕೆಲಸವಿಲ್ಲದವನಿಗೆ ನಸುಕಿನಲ್ಲಿ ಏಳುವ ಗೋಜೇನಿದೆ?

ಗುದ್ದಲಿಯ ಸದ್ದಿಗೆ ಎದ್ದು, ಲುಂಗಿ ಕಟ್ಟಿಕೊಳ್ಳುತ್ತಾ ಹೊರಗೆ ಬಂದಾಗ ಗೇಟಿನ ಮುಂದೆ ಬಾವಿಯಂಥ ಗುಂಡಿ. ಗುಂಡಿಯಲ್ಲಿ ಷಡ್ಡಕ. ಅಂಚಿನಲ್ಲಿ ಇಂಜಿನಿಯರಮ್ಮ. ಕೊಳವೆ ಒಣಗಿತ್ತು.

"ಇಲ್ಲೇ ಇರ್ಬೇಕು ಅಮ್ಮಾ" ಎನ್ನುತ್ತಿದ್ದ ಷಡ್ಡಕ. ಬೆವರಿನಲ್ಲಿ ಅವನೇ ಒಂದು ಒಡೆದ ಕೊಳವೆಯಂತಿದ್ದ. "ನನ್ನಾಣೆಗೂ ಕೇಳಿಸ್ತು. ಈಗಲೂ ಕೇಳಿಸ್ತಿದೆ." ಕೋಲನ್ನು ಬರಿಯ ಕೊಳವೆಗೇ ಊರಿ ಕಿವಿ ಇಟ್ಟ. "ನೋಡಿ, ಅಂತಿದೆ. ಸ್ಸ್ ಅಂತಿದೆ."

"ನಿಮಗೂ ಶುರುವಾಯ್ತಾ ಭಾವಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. ಅಂದವಳೇ ನಾಲಿಗೆ ಕಚ್ಚಿಕೊಂಡಳು.

"ನನಗೂ ಅಂದ್ರೆ?" ಎಂದ ಷಡ್ಡಕ.

ಷಡ್ಡಕ ಗುಂಡಿಯಿಂದೆದ್ದು ಗೇಟಿನ ಕಡೆ ತಿರುಗುವ ಸಣ್ಣ ಕೊಳವೆಗೆ ಕೋಲು ಇಟ್ಟ. ಏರಿತು. ಅಂಗಳದಲ್ಲಿ ಇಟ್ಟ. ಇನ್ನೂ ಏರಿತು. ಮನೆಯ ಗೋಡೆಗೆ ಇಟ್ಟ. ಹೀಗೆ ಒಬ್ಬರ ಹಿಂದೊಬ್ಬರು, ಷಡ್ಡಕ, ಇಂಜಿನಿಯರಮ್ಮ, ಗುದ್ದಲಿ ಹಿಡಿದ ತಂಡ, ಹೆಂಡತಿ, ಎಲ್ಲರ ಹಿಂದೆ ಮನೆಯ ಯಜಮಾನ, ಹೊಲಿಗೆ ಯಂತ್ರ ದಾಟಿ, ಹಾಸಿಗೆ ದಾಟಿ, ಇಬ್ಬರು ನಿಲ್ಲಲಾಗದ ಬಚ್ಚಲಲ್ಲಿ ಊರಿಗೂರೇ ಬಂದು ನಿಂತಿತು. ನಲ್ಲಿ ನೂಲಿನಷ್ಟು ಹರಿಯುತ್ತಿತ್ತು. ಬಕೆಟ್ಟು ತುಂಬುವುದರಲ್ಲಿತ್ತು.

ಷಡ್ಡಕ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ. ಕೋಲಿಗೆ ಕಿವಿ ಇಟ್ಟು, "ನಿಂತ್ಹೋಯ್ತು" ಎಂದ. ಮುಖ ಸಣ್ಣದಾಗಿತ್ತು. "ನಾನು ಅಗೆದದ್ದು ಈ ನಲ್ಲಿಗಾ?"

"ನಲ್ಲಿ ನಿಲ್ಸೋಕೆ ಮರೆತುಹೋಗಿತ್ತಾ?" ಎಂದಳು ಇಂಜಿನಿಯರಮ್ಮ.

ಮರೆತಿದ್ದೆ ಎನ್ನಬಹುದಿತ್ತು. ಒಂದು ಶಬ್ದದಲ್ಲಿ ಎಲ್ಲ ಮುಗಿಯುತ್ತಿತ್ತು. ಷಡ್ಡಕ ಹೆಡ್ಡನಾಗುತ್ತಿದ್ದ, ಕೋಲು ನಾಳೆಯೇ ಇವನ ಕೈಗೆ ವಾಪಸು ಬರುತ್ತಿತ್ತು, ಇವನು ಮತ್ತೆ ಎಲ್ಲೆಲ್ಲೋ ಗುರುತು ಹಾಕುತ್ತಾ ಹೋಗಬಹುದಿತ್ತು, ಮೇಲಿನ ಬಡಾವಣೆಯ ಕೊಡಗಳು ಮೆಟ್ಟಿಲ ಮೇಲೇ ಇರುತ್ತಿದ್ದವು. ಕಿವಿ ಮೇಸ್ತ್ರಿ ಬಾಯಿ ತೆರೆದ. ಷಡ್ಡಕ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದ, ಏಟು ತಿನ್ನಲು ಸಿದ್ಧನಾದವನಂತೆ.

"ಮರೆತಿರಲಿಲ್ಲ" ಎಂದ. "ನಾನೇ ಬಿಟ್ಕೊಂಡು ಮಲಗ್ತೀನಿ. ನನ್ನ ಕಿವೀಲಿ ಹಗಲೂ ರಾತ್ರಿ ಹೀಗೇ ಸದ್ದು ಬರುತ್ತೆ. ಇದನ್ನ ಬಿಟ್ಟರೆ ಅದು ಅಷ್ಟು ಕೇಳ್ಸಲ್ಲ, ನಿದ್ದೆ ಬರುತ್ತೆ." ಷಡ್ಡಕನತ್ತ ಕೈ ತೋರಿಸಿದ. "ಷಡ್ಡಕರು ಸರಿಯಾಗೇ ಕೇಳ್ಸಿಕೊಂಡಿದಾರೆ. ಇಷ್ಟು ತೆಳ್ಳಗಿನ ನೀರನ್ನ ಬೀದಿ ಕೊನೆಯಿಂದ ಹಿಡಿದಿದಾರೆ ಅಂದ್ರೆ… ನಂಗೀಗ ಅದು ಆಗಲ್ಲ."

ಎಂದೂ ಯಾರನ್ನೂ ಹೊಗಳದ ಬಾಯಿ ಅದು. ಬಕೆಟ್ಟಿಗೆ ಕೊನೆಯ ಹನಿ ಬಿದ್ದದ್ದು ಗುಡುಗಿನಂತೆ ಕೇಳಿತು.

"ಎಷ್ಟು ದಿನದಿಂದ?" ಎಂದಳು ಇಂಜಿನಿಯರಮ್ಮ.

"ಹೋದ ಚಳಿಗಾಲದಿಂದ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. "ಮೊದಲೇ ಹೇಳಿದ್ರೆ ಎರಡು ರಸ್ತೆ ಉಳೀತಿತ್ತು" ಎಂದಳು ಅಷ್ಟೇ. ಆಮೇಲೆ ಮುಂದಿನ ಕೆಲಸ ಹೇಳಿದಳು. ಕೋಲು ಷಡ್ಡಕನ ಬಳಿಯೇ ಇರುತ್ತದೆ. ಆದರೆ ಷಡ್ಡಕನಿಗೆ ಸದ್ದು ಕೇಳಿದರೂ ಅದು ನಲ್ಲಿಯದೋ ಒಡಕಿನದೋ ಗೊತ್ತಾಗುವುದಿಲ್ಲವೆಂದು ಈ ಗುಂಡಿಯೇ ಹೇಳುತ್ತಿದೆ. ಅದಕ್ಕೆ ಮೇಸ್ತ್ರಿ ಜೊತೆಗೆ ನಡೆಯಬೇಕು. ಎಲ್ಲಿ ಊರಬೇಕು, ಏನು ಕೇಳಬೇಕು ಎಂದು ಹೇಳಬೇಕು. ಸುಣ್ಣದ ಕಡ್ಡಿ ಮೇಸ್ತ್ರಿಯ ಕೈಯಲ್ಲಿ.

"ಇವನ ಜೊತೆಗಾ?" ಎಂದರು ಇಬ್ಬರೂ ಒಟ್ಟಿಗೆ.

ಮರುದಿನ ನಸುಕಿನಲ್ಲಿ ಹೊರಟರು. ಇಂಜಿನಿಯರಮ್ಮ ನಕ್ಷೆಯಲ್ಲಿ ಕೊಳವೆಯು ಮಳೆನೀರಿನ ಚರಂಡಿಯನ್ನು ದಾಟುವ ಜಾಗಗಳಿಗೆಲ್ಲ ಸುತ್ತು ಹಾಕಿ ಕೊಟ್ಟಿದ್ದಳು. ಅಲ್ಲಿ ಒಡೆದಿದ್ದರೆ ನೀರು ಚರಂಡಿಗೇ ಇಳಿದು ಹೋಗುತ್ತದೆ, ರಸ್ತೆ ಒದ್ದೆಯಾಗುವುದಿಲ್ಲ. ಮೊದಲ ಮೋರಿಯಲ್ಲಿ ಏನಿಲ್ಲ. ಬಸ್ ಡಿಪೋ ಹಿಂದಿನ ಮೋರಿಯಲ್ಲಿ ಷಡ್ಡಕ ಕೋಲು ಊರಿ ಬಗ್ಗಿದ. ಕಿವಿ ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತ. ಬೇರೊಬ್ಬನ ಕಿವಿಯಲ್ಲಿ ತನ್ನ ಕೋಲನ್ನು ನೋಡುವುದು, ತನ್ನ ಚಪ್ಪಲಿಯನ್ನು ಬೇರೊಬ್ಬನ ಕಾಲಲ್ಲಿ ನೋಡಿದ ಹಾಗೆ.

"ಅಂತಿದೆ" ಎಂದ ಷಡ್ಡಕ.

"ಹೇಗಂತಿದೆ? ನಮ್ಮನೆ ನಲ್ಲಿ ಥರಾನಾ?"

"ಅಷ್ಟು ಚೂಪಿಲ್ಲ. ಸ್ವಲ್ಪ ಒರಟು. ಯಾರೋ ದೂರದಲ್ಲಿ ಮೊರದಲ್ಲಿ ಕಾಳು ಕೇರ್ತಿರೋ ಹಾಗೆ."

ಕಿವಿ ಮೇಸ್ತ್ರಿ ಕಟ್ಟಿದ ಕೈ ಬಿಚ್ಚಿದ. ಅದೇ. ಮಣ್ಣು ಕಲೆಸಿದ ನೀರಿನ ಸದ್ದು ಅದೇ. "ಕೋಲು ಎತ್ತಿ."

"ಎತ್ತಿದೆ."

"ಈಗ?"

"ಈಗಿಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

ಕಿವಿ ಮೇಸ್ತ್ರಿ ಸುಣ್ಣದ ಕಡ್ಡಿ ಹಿಡಿದು ಬಗ್ಗಿದವನು ಹಾಗೆಯೇ ತಡೆದ. ಅವನ ತಲೆಯೊಳಗೆ ಸ್ಸ್ ಯಾವತ್ತಿನಂತೆ ತನ್ನ ಪಾಡಿಗೆ ತಾನು ನಡೆದಿತ್ತು. "ಹೇಗಿದೆ?" ಎಂದು ಕೇಳಿದ.

"ಏನು ಹೇಗಿದೆ?"

"ಆ ಏನೂ ಇಲ್ಲದ್ದು."

ಷಡ್ಡಕ ನಗಲು ಬಾಯಿ ತೆರೆದ. ಇಬ್ಬರ ಪರಿಚಯವಾದಂದಿನಿಂದ ಇಂಥ ಹೊತ್ತಿಗಾಗಿ ಕಾದಿದ್ದ ಬಾಯಿ ಅದು. ನಗಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಜವಾಗಿ ಕೇಳಿಸಿಕೊಂಡ.

"ಸುಮ್ನೆ ಇದೆ ಕಣಪ್ಪಾ" ಎಂದ. "ಹೇಳೋಕೇನೂ ಇಲ್ಲ ಅದರಲ್ಲಿ."

"ಸರಿ. ಎರಡು ಹೆಜ್ಜೆ ಬಲಕ್ಕೆ ಊರಿ."

ಏರಿತು. ಇನ್ನೆರಡು. ಇಳಿಯಿತು. ಒಂದು ಹೆಜ್ಜೆ ಹಿಂದೆ. ಅಲ್ಲಿ ಕಿವಿ ಮೇಸ್ತ್ರಿ ಕತ್ತರಿ ಗುರುತು ಹಾಕಿದ. ಷಡ್ಡಕ ತಾನೇ ಕೇಳಿದ ಜಾಗವನ್ನು ತಾನೇ ಅಗೆಯುವ ಹುರುಪಿನಲ್ಲಿ ತಂಡದವರ ಕೈಗೂ ಗುದ್ದಲಿ ಕೊಡಲಿಲ್ಲ. ಸೂರ್ಯ ಬಂದು ನೋಡುವಷ್ಟರಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂದರೆ ಡಿಪೋದಲ್ಲಿದ್ದ ಬಸ್ಸುಗಳಿಗೆಲ್ಲ ಸ್ನಾನವಾಯಿತು, ಅದರಲ್ಲಿ ಎರಡು ಬಸ್ಸುಗಳಿಗೆ ಅದು ಜೀವಮಾನದ ಮೊದಲ ಸ್ನಾನ. ಮೇಲಿನ ಬಡಾವಣೆಯ ಕೊಡಗಳು ಸಂಜೆಯೊಳಗೆ ಮೆಟ್ಟಿಲಿಳಿದು ಮನೆಗೆ ಹೋದವು.

"ನೋಡಿದ್ಯಾ? ಯಾರ ಕಿವಿ ಅದು?" ಎಂದು ತಲೆಯಿಂದ ಪಾದದವರೆಗೆ ತೊಯ್ದ ಷಡ್ಡಕ ಗುಂಡಿಯೊಳಗಿಂದ ಅರಚುತ್ತಿದ್ದ. "ಮೊರದಲ್ಲಿ ಕಾಳು ಕೇರ್ತಿರೋ ಹಾಗೆ ಅಂದೆ ನಾನು! ನಾನು ಅಂದೆ!"

ಅವನು ಅಲ್ಲಿಂದ ಕಚೇರಿಯವರೆಗೂ, ಕಚೇರಿಯಿಂದ ಮನೆಯವರೆಗೂ ಅದನ್ನೇ ಹೇಳಿದ. ಮರುದಿನವೂ ಹೇಳಿದ. ಕಚೇರಿಯವರು ಈಗ ಯಾರನ್ನು ಕಿವಿ ಮೇಸ್ತ್ರಿ ಎನ್ನಬೇಕೆಂದು ತಿಳಿಯದೆ, ಹಳೆಯವನನ್ನು ದೊಡ್ಡ ಕಿವಿ, ಹೊಸಬನನ್ನು ಚಿಕ್ಕ ಕಿವಿ ಎಂದರು. ವಯಸ್ಸಿನಲ್ಲಿ ಹಿರಿಯನಾದ ಷಡ್ಡಕನಿಗೆ ಅದು ಈಗಲೂ ನುಂಗಲಾರದ ತುತ್ತು.

ಬಚ್ಚಲ ನಲ್ಲಿ ಈಗ ಬಿಗಿಯಾಗಿದೆ. ಹೆಂಡತಿ ಒಂದು ಮಡಕೆಯ ತಳಕ್ಕೆ ಹೊಲಿಗೆ ಸೂಜಿಯಷ್ಟು ತೂತು ಕೊರೆಸಿ, ಬಚ್ಚಲ ಗೂಟಕ್ಕೆ ತೂಗುಹಾಕಿ, ಕೆಳಗೆ ಬಕೆಟ್ಟಿಟ್ಟಿದ್ದಾಳೆ. ಬೆಳಿಗ್ಗೆ ಬಕೆಟ್ಟಿನದೇ ನೀರು ಮತ್ತೆ ಮಡಕೆಗೆ. ನಲ್ಲಿಯಷ್ಟು ಚೆನ್ನಾಗಿಲ್ಲ. ಕೆಲವು ರಾತ್ರಿ ನಿದ್ದೆ ಬರುತ್ತದೆ, ಕೆಲವು ರಾತ್ರಿ ಬರುವುದಿಲ್ಲ. ಬರದಿದ್ದ ದಿನ ಅವನು ಸ್ಸ್ ಕೇಳುತ್ತಾ ಮಲಗಿರುತ್ತಾನೆ, ಮೊದಲಿನಂತೆ ಎದ್ದು ಹುಡುಕುವುದಿಲ್ಲ.

ನಸುಕಿನಲ್ಲಿ ಷಡ್ಡಕ ಬಂದು ಗೇಟು ಬಡಿಯುತ್ತಾನೆ. ಇಬ್ಬರೂ ಹೊರಡುತ್ತಾರೆ, ಒಬ್ಬನ ಹೆಗಲಲ್ಲಿ ಕೋಲು, ಒಬ್ಬನ ಜೇಬಲ್ಲಿ ಸುಣ್ಣದ ಕಡ್ಡಿ. ದಾರಿಯುದ್ದಕ್ಕೂ ಷಡ್ಡಕನ ಬಡಾಯಿ. ಕಿವಿ ಮೇಸ್ತ್ರಿ ಒಂದಕ್ಕೂ ಎದುರಾಡುವುದಿಲ್ಲ.

"ಏನಪ್ಪಾ, ಇತ್ತೀಚೆಗೆ ತಿರುಗಿ ಮಾತೇ ಆಡಲ್ಲ ನೀನು?" ಎಂದು ಒಮ್ಮೆ ಷಡ್ಡಕನೇ ಕೇಳಿದ.

"ಹೇಳ್ತಾ ಇರಿ ಷಡ್ಡಕರೇ, ನಿಲ್ಲಿಸ್ಬೇಡಿ" ಎಂದ ಕಿವಿ ಮೇಸ್ತ್ರಿ. "ನೀವು ಮಾತಾಡ್ತಿರೋ ಅಷ್ಟು ಹೊತ್ತು ನಂಗೆ ಅದು ಕೇಳ್ಸಲ್ಲ."